ಕಾಗದ ಕೈಲಿರಲಿ, ತಾರೀಖು ತಲೇಲಿರಲಿ

ವಕೀಲರ ಕಚೇರಿಗೆ ಬರುವ ಹೆಚ್ಚಿನವರು ಕೇಳುವುದು, "ನ್ಯಾಯ ನನ್ನ ಕಡೆ ಇದೆಯಲ್ಲವೇ ಸಾರ್?" ಎಂದು. ವಕೀಲರು ತಿರುಗಿ ಕೇಳುವುದು ಬೇರೆ ಎರಡು ಪ್ರಶ್ನೆ: "ಕಾಗದ ಏನಿದೆ? ಇದೆಲ್ಲ ಆಗಿದ್ದು ಯಾವಾಗ?" ಹಕ್ಕು ಇದ್ದೂ ಸೋಲುವವರು ಸಾಮಾನ್ಯವಾಗಿ ಈ ಎರಡರಲ್ಲೇ ಎಡವಿರುತ್ತಾರೆ. ಅಂಗಡಿ ನಡೆಸುವವರು, ಬಾಡಿಗೆ ಮನೆಯಲ್ಲಿರುವವರು, ಕೈಸಾಲ ಕೊಟ್ಟವರು, ಸೈಟು ಕೊಳ್ಳಹೊರಟವರು ನೆನಪಿಡಬೇಕಾದ ಕೆಲವು ಸೂತ್ರಗಳು ಇಲ್ಲಿವೆ.

1. ಸಾಲ ಕೊಡುವ ದಿನವೇ ಬರಹ ಮಾಡಿಸಿ

"ಕೊಟ್ಟವನು ಕೋಡಂಗಿ, ಈಸ್ಕೊಂಡವನು ಈರಭದ್ರ" ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ನೆಂಟರಾಗಲಿ, ಗೆಳೆಯರಾಗಲಿ, ಹಣವನ್ನು ಬ್ಯಾಂಕ್ ಖಾತೆಯ ಮೂಲಕವೇ ಕೊಡಿ. ರೆವಿನ್ಯೂ ಸ್ಟಾಂಪ್ ಅಂಟಿಸಿದ ಪ್ರಾಮಿಸರಿ ನೋಟಿಗೆ ಸಹಿ ಪಡೆಯಿರಿ. ಸ್ಟಾಂಪ್ ಇಲ್ಲದ ನೋಟು ಕೋರ್ಟಿನಲ್ಲಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಇನ್ನೊಂದು ಮಾತು: 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಪಡೆದವರಿಗೆ ಸಾಲದಷ್ಟೇ ದಂಡ ಬೀಳಬಹುದು.

2. ಮೂರು ವರ್ಷದ ಲೆಕ್ಕ ಇಡಿ

1963ರ ಕಾಲಮಿತಿ ಕಾಯ್ದೆಯ ಪ್ರಕಾರ ಕೈಸಾಲವಾಗಲಿ, ಉದ್ರಿ ಮಾಲಿನ ಬಾಕಿಯಾಗಲಿ, ವಸೂಲಿಗೆ ದಾವೆ ಹೂಡಲು ಸಾಮಾನ್ಯವಾಗಿ ಸಿಗುವುದು ಮೂರೇ ವರ್ಷ. ಫೋನಿನಲ್ಲಿ "ಮುಂದಿನ ತಿಂಗಳು ಕೊಡ್ತೀನಿ" ಎಂದರೆ ಗಡುವು ಮುಂದೆ ಹೋಗುವುದಿಲ್ಲ. ಆದರೆ ಅವಧಿ ಮುಗಿಯುವ ಮೊದಲೇ "ಇಷ್ಟು ಬಾಕಿ ಇದೆ" ಎಂದು ಸಾಲಗಾರ ಬರೆದು ಸಹಿ ಹಾಕಿದರೆ ಆ ದಿನದಿಂದ ಹೊಸದಾಗಿ ಮೂರು ವರ್ಷ ಶುರು. ಹಾಗಾಗಿ ಪ್ರತಿ ಮಾರ್ಚ್ ಕೊನೆಗೆ ಉದ್ರಿ ಗಿರಾಕಿಗಳಿಂದ ಬಾಕಿ ದೃಢೀಕರಣ ಪತ್ರಕ್ಕೆ ಸಹಿ ಪಡೆಯುವ ರೂಢಿ ಮಾಡಿಕೊಳ್ಳಿ.

3. ಚೆಕ್ ಬೌನ್ಸ್ ಆದರೆ ಕ್ಯಾಲೆಂಡರ್ ಹಿಡಿಯಿರಿ

ಇಲ್ಲಿ ಒಂದೊಂದು ದಿನಕ್ಕೂ ಬೆಲೆಯಿದೆ. ಚೆಕ್ಕಿಗೆ ಮೂರು ತಿಂಗಳ ಆಯಸ್ಸು. ಹಣ ಸಾಲದೆ ವಾಪಸಾದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ ಮೇಲೆ ಹಣ ಕಟ್ಟಲು ಎದುರಾಳಿಗೆ 15 ದಿನ. ಆಗಲೂ ಕಟ್ಟದಿದ್ದರೆ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು.

ಲೆಕ್ಕ ಹೀಗೆ: ಜೂನ್ 5ರಂದು ಬ್ಯಾಂಕಿನ ಮೆಮೊ ಬಂತು ಎನ್ನಿ. ನೋಟಿಸ್ ಜುಲೈ 5ರೊಳಗೆ ಹೊರಡಬೇಕು. ಅದು ಜುಲೈ 8ಕ್ಕೆ ತಲುಪಿದರೆ ಜುಲೈ 23ರವರೆಗೆ ಕಾಯಿರಿ, ಆಗಸ್ಟ್ 23ರೊಳಗೆ ದೂರು ದಾಖಲಿಸಿ. ನೋಟಿಸನ್ನು ಸ್ವೀಕೃತಿಯ ದಾಖಲೆ ಸಿಗುವಂತೆ ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ. ಅಪರಾಧ ಸಾಬೀತಾದರೆ ಎರಡು ವರ್ಷದವರೆಗೆ ಜೈಲು, ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ.

4. ಖಾಲಿ ಜಾಗದ ಮೇಲೆ ಸಹಿ ಬೇಡವೇ ಬೇಡ

"ಸೆಕ್ಯೂರಿಟಿಗೆ ಅಂತ ಖಾಲಿ ಚೆಕ್ ಕೊಟ್ಟಿದ್ದೆ, ಮೊತ್ತ ಅವರೇ ಬರ್ಕೊಂಡ್ರು" ಎಂಬ ವಾದ ಅಷ್ಟು ಸುಲಭಕ್ಕೆ ನಿಲ್ಲುವುದಿಲ್ಲ. ಸಹಿ ಹಾಕಿ ಸ್ವಇಚ್ಛೆಯಿಂದ ಕೊಟ್ಟ ಖಾಲಿ ಚೆಕ್ ಕೂಡ ಸಾಲ ತೀರಿಸಲೆಂದೇ ಕೊಟ್ಟಿದ್ದು ಎಂದು ಕಾನೂನು ಊಹಿಸುತ್ತದೆ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲ ಎಂದು ತೋರಿಸುವ ಹೊರೆ ಸಹಿ ಹಾಕಿದವರದ್ದೇ.

ಜಾಮೀನು ಸಹಿಯೂ ಅಷ್ಟೇ. "ಬರೀ ಹೆಸರಿಗೆ ಒಂದು ಸೈನ್" ಎಂದು ಕರೆದೊಯ್ಯುತ್ತಾರೆ. ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ ಸಾಲಗಾರನಷ್ಟೇ ಹೊಣೆ ಜಾಮೀನುದಾರನಿಗೂ ಇರುತ್ತದೆ. ಬ್ಯಾಂಕು ಮೊದಲು ಸಾಲಗಾರನನ್ನು ಹಿಡಿದು ಆಮೇಲೆ ನಿಮ್ಮ ಬಳಿ ಬರಬೇಕೆಂಬ ನಿಯಮವೇನಿಲ್ಲ. ಆ ಸಾಲವನ್ನು ನೀವೇ ತೀರಿಸಬಲ್ಲಿರಾದರೆ ಮಾತ್ರ ಸಹಿ ಹಾಕಿ.

5. ಸಣ್ಣ ಉದ್ಯಮವಾದರೆ 45 ದಿನದ ಅಸ್ತ್ರ ಬಳಸಿ

ಪೀಣ್ಯದ ಲೇತ್ ಶಾಪೊಂದು ದೊಡ್ಡ ಕಂಪನಿಗೆ ಬಿಡಿಭಾಗ ಮಾಡಿಕೊಟ್ಟು ಆರು ತಿಂಗಳು ಬಿಲ್ಲಿಗಾಗಿ ಅಲೆಯಬೇಕಿಲ್ಲ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು, ಕರಾರಿನಲ್ಲಿ ಏನೇ ಬರೆದಿದ್ದರೂ, 45 ದಿನದೊಳಗೆ ಕೊಡಬೇಕು. ಲಿಖಿತ ಕರಾರೇ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕ್ ಸೂಚಿಸಿದ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಲೆಕ್ಕ ಹಾಕುವ ಚಕ್ರಬಡ್ಡಿ.

ಮಾಡಬೇಕಾದ್ದು ಇಷ್ಟು: ಮಾಲು ಕೊಡುವ ಮೊದಲೇ 'ಉದ್ಯಮ್' ನೋಂದಣಿ ಮಾಡಿಸಿ. ಅದು ಪೂರ್ತಿ ಉಚಿತ, ದಲ್ಲಾಳಿ ಬೇಕಿಲ್ಲ. ಆ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಅಚ್ಚು ಹಾಕಿಸಿ. ಬಾಕಿ ಉಳಿದರೆ ಎಂಎಸ್‌ಎಂಇ ಸೌಲಭ್ಯ ಮಂಡಳಿಗೆ ಆನ್‌ಲೈನಿನಲ್ಲೇ ಅರ್ಜಿ ಹಾಕಿ. ಬರೀ ಕೊಂಡು ಮಾರುವ ವ್ಯಾಪಾರಕ್ಕೆ ಈ ರಕ್ಷಣೆ ಇಲ್ಲ. ಇದು ತಯಾರಿಕೆ ಮತ್ತು ಸೇವೆಯವರಿಗೆ.

6. ಪಾಲುದಾರಿಕೆ ನೋಂದಾಯಿಸಿ

ಇಬ್ಬರು ಸ್ನೇಹಿತರು ಸೇರಿ ಹೋಟೆಲ್ ತೆರೆದರು, ಪತ್ರವನ್ನೂ ಬರೆಸಿದರು, ನೋಂದಣಿ ಮಾತ್ರ ಮಾಡಿಸಲಿಲ್ಲ. 1932ರ ಪಾಲುದಾರಿಕೆ ಕಾಯ್ದೆಯಂತೆ ಅಂಥ ಫರ್ಮು ಕರಾರಿನ ಹಣಕ್ಕಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ಹೊರಗಿನವರು ಮಾತ್ರ ಅದರ ಮೇಲೆ ಹೂಡಬಹುದು! ವ್ಯಾಪಾರ ಚೆನ್ನಾಗಿರುವಾಗಲೇ ಆ ಕೆಲಸ ಮುಗಿಸಿ.

7. ಯುಪಿಐ ಹಣವನ್ನೆಲ್ಲ ಒಂದೇ ಖಾತೆಗೆ ಸುರಿಯಬೇಡಿ

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಕಳಿಸಿದ ನೋಟಿಸುಗಳಿಗೆ ರಾಜ್ಯದ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್‌ನವರು ಬೆಚ್ಚಿದರು. ಕೆಲವರು "ನಗದು ಮಾತ್ರ" ಎಂದು ಬೋರ್ಡ್ ತೂಗಿಹಾಕಿದರು. ಅದು ಮದ್ದಲ್ಲ, ವಹಿವಾಟು ನಗದಾದರೂ ವಹಿವಾಟೇ. ಕರ್ನಾಟಕದಲ್ಲಿ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ, ಸೇವೆ ನೀಡುವವರದ್ದು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ತಾಜಾ ತರಕಾರಿ, ಹಣ್ಣಿನಂಥ ತೆರಿಗೆ ಇಲ್ಲದ ಸರಕನ್ನಷ್ಟೇ ಮಾರುವವರಿಗೆ ಬೇಡ. ಅಂಗಡಿಯ ಹಣಕ್ಕೆ ಒಂದು ಖಾತೆ, ಮನೆ ಖರ್ಚಿಗೆ ಇನ್ನೊಂದು ಇಟ್ಟುಕೊಳ್ಳಿ. ನೋಟಿಸ್ ಬಂದರೆ ಅದೇ ಅಂತಿಮ ಆದೇಶವಲ್ಲ. ಗಡುವಿನೊಳಗೆ ಖರೀದಿ ಬಿಲ್ಲುಗಳ ಸಮೇತ ಉತ್ತರ ಕೊಡಿ.

8. ಭೋಗ್ಯಕ್ಕೆ ಹೋಗುವ ಮುನ್ನ ನೋಂದಣಿ ಕೇಳಿ

ಬಾಡಿಗೆ ಕರಾರನ್ನು 11 ತಿಂಗಳಿಗೆ ಮಾಡುವ ಗುಟ್ಟು ಇದು: ಒಂದು ವರ್ಷ ಮೀರಿದ ಗೇಣಿ ಪತ್ರವನ್ನು ಕಡ್ಡಾಯವಾಗಿ ನೋಂದಾಯಿಸಬೇಕು. ಲಕ್ಷಗಟ್ಟಲೆ ಹಣ ಕೊಟ್ಟು ಎರಡು ಮೂರು ವರ್ಷಕ್ಕೆ ಲೀಸ್ ಹಾಕಿಕೊಳ್ಳುವವರು ಛಾಪಾ ಕಾಗದವನ್ನಷ್ಟೇ ನಂಬಬಾರದು. ಆ ಮನೆಯ ಮೂಲಪತ್ರ ಸಾಲಕ್ಕಾಗಿ ಬ್ಯಾಂಕಿನಲ್ಲಿದೆಯೇ ಎಂದೂ ಕೇಳಿ. ಬಾಡಿಗೆಯವರಾದರೆ ಮನೆ ಬಿಡುವಾಗ ಪೇಂಟಿಂಗಿಗೆ ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದನ್ನು ಕರಾರಿನಲ್ಲೇ ಬರೆಸಿ.

9. ಖಾತೆ ನೋಡಿ ಸೈಟು ಕೊಳ್ಳಬೇಡಿ

ಖಾತೆ ಎಂದರೆ ತೆರಿಗೆ ಯಾರಿಂದ ವಸೂಲಾಗಬೇಕು ಎಂಬ ದಾಖಲೆ. ಅದೊಂದೇ ಮಾಲೀಕತ್ವ ಕೊಡುವುದಿಲ್ಲ. ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲಿನ ಮಾರಾಟದಿಂದಲೂ ಹಕ್ಕು ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟಪಡಿಸಿದೆ. ಮೂಲಪತ್ರದಿಂದ ಇಂದಿನವರೆಗಿನ ಕ್ರಯಪತ್ರಗಳ ಸರಪಳಿ, ಇಸಿ (ಋಣಭಾರ ಪ್ರಮಾಣಪತ್ರ), ಇ-ಖಾತೆ, ಜಮೀನಾದರೆ ಪಹಣಿ ಮತ್ತು ಮ್ಯುಟೇಶನ್, ಎಲ್ಲವನ್ನೂ ನೋಡಿ. ನೋಂದಣಿಯಾಗದ ಕರಾರು ಇಸಿಯಲ್ಲಿ ಕಾಣುವುದಿಲ್ಲ ಎಂಬುದೂ ನೆನಪಿರಲಿ.

ಪಿತ್ರಾರ್ಜಿತ ಆಸ್ತಿಯಾದರೆ ಹೆಣ್ಣುಮಕ್ಕಳ ಸಹಿ ಇದೆಯೇ ಎಂದು ಮೊದಲು ಕೇಳಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳಿಗೆ ಮಗನಷ್ಟೇ ಪಾಲು ಕೊಟ್ಟಿದೆ. ಆ ವೇಳೆಗೆ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಮುಂಗಡವನ್ನೂ ಕೊಡಬೇಡಿ.

10. ಬಿಲ್ ಕೇಳಿ, ಬಿಲ್ ಕೊಡಿ

ದೋಷವಿರುವ ವಸ್ತುವಿನ ಮಟ್ಟಿಗೆ "ಒಮ್ಮೆ ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ" ಎಂಬ ಬೋರ್ಡಿಗೆ ಕಿಮ್ಮತ್ತಿಲ್ಲ. ಬಿಲ್ಲಿನಲ್ಲಿ ಅವಧಿ ನಮೂದಿಸದಿದ್ದರೆ 30 ದಿನದೊಳಗೆ ವಾಪಸ್ ಪಡೆಯಲೇಬೇಕು. ಗ್ರಾಹಕರು ಎರಡು ವರ್ಷದೊಳಗೆ, ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ತೆತ್ತ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಮೊದಲ ಹೆಜ್ಜೆಗೆ 1915 ಸಹಾಯವಾಣಿ ಇದೆ.

11. ರಾಜಿಯ ಬಾಗಿಲು ತಟ್ಟಿ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರೆ. ಚೆಕ್ ಬೌನ್ಸ್, ಬ್ಯಾಂಕ್ ಸಾಲ, ಅಪಘಾತ ಪರಿಹಾರದಂಥ ವ್ಯಾಜ್ಯಗಳು ಲೋಕ ಅದಾಲತ್ತಿನಲ್ಲಿ ಬೇಗ ಮುಗಿಯುತ್ತವೆ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸಾಗುತ್ತದೆ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕೋರ್ಟಿನ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಆದರೆ ರಾಜಿ ಪತ್ರಕ್ಕೆ ಸಹಿ ಹಾಕುವ ಮುನ್ನ ಮೊತ್ತ, ಕಂತು, ಕೊನೆಯ ತಾರೀಖು ಮೂರನ್ನೂ ನೀವೇ ಓದಿಕೊಳ್ಳಿ. ಅದಾಲತ್ತಿನ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ.