ಆಟದ ಬಯಲಿನಲ್ಲಿ ಕಲಿಯತಕ್ಕ ಪಾಠಗಳು

ಓದತಕ್ಕ ವಾಕ್ಯಭಾಗಗಳು: 1 ಕೊರಿಂಥ 9:24–27, ಯೋಹಾನ 4:35–38.



ಆಟವೆಂಬದು ಮಕ್ಕಳ ಕಾಲಹರಣವು, ಅದರಿಂದ ವಿಶ್ವಾಸಿಗಳಿಗೆ ಏನು ಪ್ರಯೋಜನವೆಂದು ನಮ್ಮ ಗ್ರಾಮಸಭೆಗಳಲ್ಲಿ ಕೆಲವು ಹಿರಿಯರು ಕೇಳುವದುಂಟು. ಅಪೋಸ್ತಲನಾದ ಪೌಲನು ಹಾಗೆ ಎಣಿಸಲಿಲ್ಲ. ಕೊರಿಂಥ ಪಟ್ಟಣದ ಸಮೀಪದಲ್ಲಿ ಎರಡು ವರುಷಕ್ಕೊಮ್ಮೆ ಇಸ್ತ್ಮಿಯ ಪಂದ್ಯಗಳು ನಡೆಯುತ್ತಿದ್ದವು. ಗೆದ್ದವನ ತಲೆಗೆ ಇಡುತ್ತಿದ್ದದ್ದು ಚಿನ್ನದ ಕಿರೀಟವಲ್ಲ, ಸೊಪ್ಪುಸದೆಯಿಂದ ಹೆಣೆದ ಕಿರೀಟವೇ. ಕೆಲವು ದಿನಗಳಲ್ಲಿ ಬಾಡುವ ಆ ಸೊಪ್ಪಿಗಾಗಿ ಓಟಗಾರನು ಮೈದಣಿಸಿಕೊಳ್ಳುವದನ್ನು ಪೌಲನು ತಿಳಿದು, ಬಾಡದ ಕಿರೀಟಕ್ಕಾಗಿ ನಾವು ಎಷ್ಟು ಹೆಚ್ಚಾಗಿ ಪ್ರಯಾಸಪಡಬೇಕೆಂದು ಸಭೆಗೆ ಬೋಧಿಸಿದನು.

ಈ ಬೋಧನೆಯನ್ನು ಗ್ರಹಿಸಲು ನಾವು ದೂರದೇಶಕ್ಕೆ ಹೋಗಬೇಕಾದದ್ದಿಲ್ಲ. ಕಡೂರಿನಲ್ಲಿ 1992ರ ಅಕ್ಟೋಬರ್ 16ರಂದು ಹುಟ್ಟಿದ ವೇದಾ ಕೃಷ್ಣಮೂರ್ತಿಯವರನ್ನು ಈ ಸೀಮೆಯವರು ಬಲ್ಲರು. ಊರಿನ ಬೀದಿಯಲ್ಲಿ ಗಂಡುಹುಡುಗರ ಸಂಗಡ ಕ್ರಿಕೆಟ್ ಆಡಿ ಬೆಳೆದ ಇವರು, 2011ರ ಜೂನ್ 30ರಂದು ಇಂಗ್ಲೆಂಡಿನ ಡರ್ಬಿ ಎಂಬಲ್ಲಿ ಭಾರತದ ಪರವಾಗಿ ತಮ್ಮ ಮೊದಲನೆಯ ಏಕದಿನದ ಪಂದ್ಯವನ್ನಾಡಿ 51 ರನ್ನುಗಳನ್ನು ಗಳಿಸಿದರು. ಆಗ ಅವರ ವಯಸ್ಸು 18. ಇವರು ನಮ್ಮ ಸಭೆಗೆ ಸೇರಿದವರಲ್ಲ. ಆದರೂ ನಮ್ಮ ಕರ್ತನು ಸಮಾರ್ಯದವನೊಬ್ಬನನ್ನು ಮಾದರಿಯಾಗಿ ತೋರಿಸಿದನಾದದರಿಂದ, ನೆರೆಯವರಿಂದ ಕಲಿಯುವದಕ್ಕೆ ನಾವು ನಾಚಬಾರದು.

ಮೊದಲನೆಯ ಪಾಠ: ಅಭ್ಯಾಸವೂ ಅಧೀನತೆಯೂ.

ಅಜ್ಜಂಪುರದ ಕಡೆಯವರು ಅಮೃತಮಹಲ್ ಹೋರಿಗಳನ್ನು ಬಲ್ಲರು. ಅದು ಎಷ್ಟೇ ಬಲವುಳ್ಳದ್ದಾಗಿದ್ದರೂ ನೊಗಕ್ಕೆ ಪಳಗದಿದ್ದರೆ ಅದರಿಂದ ಒಂದು ಸಾಲು ಉಳುವದಕ್ಕಾಗದು. ಮನುಷ್ಯನ ಶಕ್ತಿಯೂ ಹಾಗೆಯೇ. ವೇದಾ ಅವರು 2005ರಲ್ಲಿ ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಕ್ರಿಕೆಟ್ ಎಂಬಲ್ಲಿ ಕ್ರಮವಾದ ತರಬೇತಿಗೆ ಸೇರಿದರು. ಅಲ್ಲಿಯ ಗುರುಗಳಾದ ಇರ್ಫಾನ್ ಸೇಟ್ ಅವರು ಹುಡುಗಿಯ ಸಾಮರ್ಥ್ಯವನ್ನು ಬೇಗನೆ ಗುರುತಿಸಿ, ಅಭ್ಯಾಸವನ್ನು ಮುಂದುವರಿಸಬೇಕೆಂದು ತಂದೆಗೆ ಸಲಹೆ ಕೊಟ್ಟರು. ತಂದೆಯೂ ಅದನ್ನು ತಳ್ಳಿಬಿಡಲಿಲ್ಲ.

ಕಲಿಸುವವನ ಕೆಲಸವು ವಿಚಿತ್ರವಾದದ್ದು. ಚೆಂಡು ಬರುವ ಹೊತ್ತಿಗೆ ಬ್ಯಾಟು ಶಿಷ್ಯಳ ಕೈಯಲ್ಲಿರುವದು. ಗುರುವು ಗೆರೆಯಾಚೆ ನಿಂತು ನೋಡಬೇಕೇ ಹೊರತು ಒಳಗೆ ಬಂದು ಆಡಲಾರನು. ಕೊಡಬೇಕಾದದ್ದನ್ನೆಲ್ಲಾ ಅವನು ಮುಂಚೆಯೇ ಕೊಟ್ಟಿರಬೇಕು. ತಾಯಿತಂದೆಗಳೇ, ಸಂಡೆ ಸ್ಕೂಲಿನ ಉಪಾಧ್ಯಾಯರೇ, ನಮ್ಮ ಸ್ಥಿತಿಯೂ ಇದೇ ಅಲ್ಲವೋ? ಮಗನು ಪಟ್ಟಣದಲ್ಲಿ ಕೆಲಸಕ್ಕೆ ಸೇರಿ ಶೋಧನೆಗೆ ಒಳಗಾಗುವ ದಿವಸದಲ್ಲಿ ನಾವು ಅವನ ಬಳಿಯಲ್ಲಿರುವದಿಲ್ಲ. ಮನೆಯಲ್ಲಿ ಪ್ರತಿ ಸಾಯಂಕಾಲ ಕಲಿಸಿದ್ದೇ ಅವನ ಕೈಯಲ್ಲಿರುವದು.

ಎರಡನೆಯ ಪಾಠ: ಗೆಲವಿಗೆ ಉಬ್ಬದೆ, ಸೋಲಿಗೆ ಕುಗ್ಗದೆ ಇರುವದು.

2017ರ ಮಹಿಳಾ ವಿಶ್ವಕಪ್ಪಿನಲ್ಲಿ, ಜುಲೈ 15ರಂದು, ವೇದಾ ಅವರು ನ್ಯೂಜಿಲೆಂಡಿನ ಎದುರಿಗೆ 45 ಚೆಂಡುಗಳಲ್ಲಿ 70 ರನ್ನುಗಳನ್ನು ಹೊಡೆದರು. ಭಾರತವು 186 ರನ್ನುಗಳಿಂದ ಗೆದ್ದಿತು. ಎಂಟೇ ದಿನಗಳ ಮೇಲೆ ಲಂಡನಿನ ಲಾರ್ಡ್ಸ್ ಮೈದಾನದಲ್ಲಿ ಇಂಗ್ಲೆಂಡಿನ ಸಂಗಡ ಕಡೆಯ ಪಂದ್ಯವಾಯಿತು. 229 ರನ್ನುಗಳು ಬೇಕಾಗಿದ್ದವು. ಮೂವರು ಮಾತ್ರ ಔಟಾಗಿ 191 ರನ್ನುಗಳಾಗಿದ್ದಾಗ ಜಯವು ಕೈಗೆ ಬಂದಂತೆಯೇ ಇತ್ತು. ಆ ಮೇಲೆ 28 ರನ್ನುಗಳೊಳಗೆ ಉಳಿದ ಏಳು ಮಂದಿಯೂ ಔಟಾದರು. ವೇದಾ ಅವರು 35 ರನ್ನುಗಳನ್ನು ಗಳಿಸಿದ್ದರು. ಭಾರತವು ಕೇವಲ 9 ರನ್ನುಗಳಿಂದ ಸೋತಿತು. ಎಂಟು ದಿನಗಳ ಹಿಂದೆ ಗೆದ್ದದ್ದೂ ಅವೇ ಕೈಗಳು. ಈಗ ಸೋತದ್ದೂ ಅವೇ ಕೈಗಳು. ಹೀಗಿರಲಾಗಿ ಗೆದ್ದವನು ಯಾವದಕ್ಕೆ ಹೆಚ್ಚಳಪಡಬೇಕು?

ನಮ್ಮ ಹಳ್ಳಿಗಳಲ್ಲಿ ನಡೆಯುವದನ್ನು ನೋಡಿರಿ. ಕಬಡ್ಡಿಯಲ್ಲಾಗಲಿ ವಾಲಿಬಾಲಿನಲ್ಲಾಗಲಿ ತೀರ್ಪುಗಾರನ ಮಾತು ಹಿಡಿಸದಿದ್ದರೆ ಹುಡುಗರು ಜಗಳವಾಡುವರು. ಜಗಳವು ಮನೆಗೆ ಬರುವದು. ಮನೆಯಿಂದ ಸಭೆಗೂ ಬಂದು, ಎರಡು ಕುಟುಂಬಗಳು ಕರ್ತನ ಭೋಜನದಲ್ಲಿ ಒಂದಾಗಿ ಮೊಣಕಾಲೂರಲಾರದಂತಾಗುವದು. ಒಂದು ಆಟದ ಗೆಲವಿಗಾಗಿ ಸಹೋದರನನ್ನು ಕಳಕೊಂಡವನು ನಿಜವಾಗಿ ಏನು ಗೆದ್ದನು? ಔಟೆಂದು ಬೆರಳೆತ್ತಿದಾಗ ಬಾಯಿ ಮುಚ್ಚಿಕೊಂಡು ಹೊರಗೆ ಬರಬಲ್ಲ ಹುಡುಗನು, ಮುಂದೆ ಸಭಾಹಿರಿಯರ ಬುದ್ಧಿಮಾತನ್ನೂ ತಾಳಿಕೊಳ್ಳಬಲ್ಲನು.

ಆಟದ ಸೋಲಿಗಿಂತ ಭಾರವಾದ ನಷ್ಟಗಳೂ ಉಂಟು. 2021ರಲ್ಲಿ ಕೋವಿಡ್ ವ್ಯಾಧಿಯಿಂದ ವೇದಾ ಅವರು ಕೆಲವೇ ದಿನಗಳ ಅಂತರದಲ್ಲಿ ತಾಯಿಯನ್ನೂ ಅಕ್ಕನನ್ನೂ ಕಳಕೊಂಡರು. ಆ ವರುಷದಲ್ಲಿ ಕಣ್ಣೀರಿಟ್ಟ ಮನೆಗಳು ನಮ್ಮಲ್ಲಿಯೂ ಉಂಟಾದದರಿಂದ ಈ ದುಃಖವನ್ನು ನಾವು ವಿವರಿಸಬೇಕಾಗಿಲ್ಲ. ಅವರು ತಿರಿಗಿ ಬ್ಯಾಟನ್ನು ಹಿಡಿದು, 2024ರಲ್ಲಿ ಗುಜರಾತ್ ಜೈಂಟ್ಸ್ ತಂಡದಲ್ಲಿ ಆಡಿದರು. ದುಃಖಪಡುವದು ಅವಿಶ್ವಾಸವಲ್ಲ, ನಮ್ಮ ಕರ್ತನೂ ಲಾಜರನ ಸಮಾಧಿಯ ಬಳಿಯಲ್ಲಿ ಅತ್ತನು. ಅತ್ತ ಮೇಲೆ ಮೆಲ್ಲನೆ ನಮ್ಮ ಕೆಲಸಕ್ಕೆ ಏಳುವದೂ ವಿಶ್ವಾಸದ ನಡತೆಯೇ.

ಮೂರನೆಯ ಪಾಠ: ಬಿತ್ತುವವರೂ ಕೊಯ್ಯುವವರೂ.

ವೇದಾ ಅವರು 48 ಏಕದಿನದ ಪಂದ್ಯಗಳನ್ನೂ 76 ಇಪ್ಪತ್ತು ಓವರಿನ ಪಂದ್ಯಗಳನ್ನೂ ಭಾರತಕ್ಕಾಗಿ ಆಡಿ, 2025ರ ಜುಲೈ ತಿಂಗಳಲ್ಲಿ ಆಟದಿಂದ ನಿವೃತ್ತರಾದರು. ಅದೇ ವರುಷದ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ಭಾರತದ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕವನ್ನು 52 ರನ್ನುಗಳಿಂದ ಸೋಲಿಸಿ ಮೊದಲನೆಯ ಸಾರಿ ವಿಶ್ವಕಪ್ಪನ್ನು ಗೆದ್ದರು. ಕಡೂರಿನ ಮಗಳು ಆ ತಂಡದಲ್ಲಿರಲಿಲ್ಲ. ಹಾಗಾದರೆ ಅವರ ಶ್ರಮವು ವ್ಯರ್ಥವೋ? ಎಂದಿಗೂ ಅಲ್ಲ. ಗೆದ್ದವರು ಆ ರಾತ್ರಿ ಏನು ಮಾಡಿದರೆಂದರೆ, 2017ರಲ್ಲಿ ಸೋತ ತಂಡದ ಹಿರಿಯರಾದ ಮಿಥಾಲಿ ರಾಜ್, ಝೂಲನ್ ಗೋಸ್ವಾಮಿ ಇವರನ್ನು ಮೈದಾನಕ್ಕೆ ಕರೆದು ಕಪ್ಪನ್ನು ಅವರ ಕೈಗೆ ಕೊಟ್ಟರು. ಬಿತ್ತಿದವರೂ ಕೊಯ್ದವರೂ ಕೂಡಿ ಸಂತೋಷಪಟ್ಟರು.

ಸುಖರೆಂಬ ಊರಿನ ಬಾವಿಯ ಬಳಿಯಲ್ಲಿ ಕರ್ತನು ಶಿಷ್ಯರಿಗೆ ಬೋಧಿಸಿದ್ದು ಇದನ್ನೇ. ತೆಂಗಿನ ಸಸಿಯನ್ನು ನೆಡುವ ಮುದುಕನು ಎಳನೀರು ತನಗಾಗಿಯೇ ಎಂದು ನೆಡುವನೋ? ನಮ್ಮ ಸೀಮೆಯ ಸಭೆಗಳೂ ಹೀಗೆಯೇ ಬೆಳೆದವು. ಬಿಸಿಲುಮಳೆಯೆನ್ನದೆ ಹಳ್ಳಿಯಿಂದ ಹಳ್ಳಿಗೆ ನಡೆದ ಉಪದೇಶಿಗಳೂ ಬೈಬಲ್ ಸ್ತ್ರೀಯರೂ ನಾವು ಈಗ ಕೂಡಿಬರುವ ಗುಡಿಗಳನ್ನೆಲ್ಲಾ ಕಾಣಲಿಲ್ಲ. ಆದದರಿಂದ ಫಲವನ್ನು ಕಾಣದ ಕೆಲಸಗಾರರೇ, ಧೈರ್ಯಗೆಡಬೇಡಿರಿ. ಫಲವನ್ನು ಕಂಡವರೇ, ಹಿಂದಿನವರನ್ನು ಮರೆಯಬೇಡಿರಿ. ಆಟದ ಬಯಲಿಗೆ ಓಡುವ ಹುಡುಗಿಯನ್ನು ಕಂಡರೆ ಗದರಿಸಿ ಹಿಂದಕ್ಕೆ ಕರೆಯಬೇಡಿರಿ. ಆಕೆಗೆ ದೇವರು ಕೊಟ್ಟ ವರವೇನೆಂದು ನೋಡಿರಿ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:

1. ನಮ್ಮ ಮಕ್ಕಳಲ್ಲಿರುವ ಯಾವ ವರವನ್ನು ನಾವು ಗುರುತಿಸದೆ ಇದ್ದೇವೆ?

2. ಆಟದಿಂದಾಗಲಿ ಮಾತಿನಿಂದಾಗಲಿ ಹುಟ್ಟಿದ ಯಾವ ಜಗಳವು ನಮ್ಮ ಸಭೆಯಲ್ಲಿ ಇನ್ನೂ ತೀರದೆ ಇದೆ? ಅದನ್ನು ತೀರಿಸಲು ಮೊದಲು ಹೋಗತಕ್ಕವರು ಯಾರು?

3. ನಾವು ಕೊಯ್ಯುವದನ್ನು ನಮಗಾಗಿ ಬಿತ್ತಿದವರು ಯಾರು? ಅವರಲ್ಲಿ ಇನ್ನೂ ಬದುಕಿರುವವರನ್ನು ಈ ತಿಂಗಳಲ್ಲಿ ಕಂಡು ಬರೋಣ.