ಕಾರಿನ ಟೈಮಿಂಗ್ ಬೆಲ್ಟ್: ತುಂಡಾಗುವ ಮೊದಲೇ ಬದಲಾಯಿಸಿ

ಹಳ್ಳಿಯ ಮನೆಗಳಲ್ಲಿ ಟ್ರ್ಯಾಕ್ಟರ್ ಮತ್ತು ಪಂಪ್‌ಸೆಟ್ಟಿನ ಜೊತೆಗೆ ಕಾರು ಇಲ್ಲವೆ ವ್ಯಾನು ಇರುವುದು ಇಂದು ಅಪರೂಪವಲ್ಲ. ತರಕಾರಿ, ಹೂವು, ರೇಷ್ಮೆಗೂಡುಗಳನ್ನು ಮಾರುಕಟ್ಟೆಗೆ ಸಾಗಿಸಲು, ಹೊತ್ತಲ್ಲದ ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗಲು ಇವು ಒದಗುತ್ತವೆ. ಟ್ರ್ಯಾಕ್ಟರಿನ ಎಂಜಿನ್ನನ್ನು ಚೆನ್ನಾಗಿ ಬಲ್ಲ ರೈತರು ಸಹ ಕಾರಿನ ಒಂದು ಭಾಗದ ವಿಷಯದಲ್ಲಿ ಎಡವುವುದುಂಟು. ಅದೇ ಟೈಮಿಂಗ್ ಬೆಲ್ಟ್. ಟ್ರ್ಯಾಕ್ಟರಿನಲ್ಲಿ ಇದರ ಕೆಲಸವನ್ನು ಸಾಮಾನ್ಯವಾಗಿ ಉಕ್ಕಿನ ಹಲ್ಲುಚಕ್ರಗಳು ಮಾಡುತ್ತವೆ. ಅವು ಎಂಜಿನ್ನಿನಷ್ಟೇ ಕಾಲ ಬಾಳುವುದರಿಂದ ನಮಗೆ ಅವುಗಳ ನೆನಪೇ ಬರುವುದಿಲ್ಲ. ರಬ್ಬರಿನ ಬೆಲ್ಟಿಗೆ ಅಷ್ಟು ಆಯುಷ್ಯವಿಲ್ಲ.

ಬೆಲ್ಟಿನ ಕೆಲಸವೇನು?

ಎಂಜಿನ್ನಿನ ಕೆಳಗೆ ಕ್ರ್ಯಾಂಕ್ ಶಾಫ್ಟ್, ಮೇಲೆ ಕ್ಯಾಮ್ ಶಾಫ್ಟ್ ಇರುತ್ತವೆ. ಕ್ರ್ಯಾಂಕ್ ಶಾಫ್ಟಿಗೆ ಪಿಸ್ಟನ್ನುಗಳು ಸೇರಿವೆ. ಕ್ಯಾಮ್ ಶಾಫ್ಟ್ ವಾಲ್ವುಗಳನ್ನು ತೆರೆದು ಮುಚ್ಚುತ್ತದೆ. ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್ ಸರಿಯಾಗಿ ಒಂದು ಸುತ್ತು ತಿರುಗಬೇಕು, ಒಂದು ಹಲ್ಲಿನಷ್ಟೂ ಹಿಂದುಮುಂದಾಗಬಾರದು. ಈ ಲೆಕ್ಕ ತಪ್ಪದಂತೆ ಎರಡನ್ನೂ ಕಟ್ಟಿಹಾಕಿರುವುದು ಒಳಮೈಯಲ್ಲಿ ಹಲ್ಲುಗಳಿರುವ ರಬ್ಬರ್ ಬೆಲ್ಟು. ಹಲವು ಎಂಜಿನ್ನುಗಳಲ್ಲಿ ನೀರಿನ ಪಂಪನ್ನು, ಕೆಲವು ಡೀಸೆಲ್ ಎಂಜಿನ್ನುಗಳಲ್ಲಿ ಡೀಸೆಲ್ ಪಂಪನ್ನು ಸಹ ಇದೇ ಬೆಲ್ಟು ನಡೆಸುತ್ತದೆ.

ಮಾರಾಟಕ್ಕೆ ಬಂದ ಕಾರಿನಲ್ಲಿ ಇಂಥ ಬೆಲ್ಟನ್ನು ಮೊದಲು ಬಳಸಿದುದು ಜರ್ಮನಿಯ ಗ್ಲಾಸ್ ಕಂಪೆನಿ, 1962ರ ಸುಮಾರಿಗೆ. ಸರಪಳಿಗಿಂತ ಅಗ್ಗ, ಸದ್ದು ಕಡಿಮೆ, ಎಣ್ಣೆ ಬೇಡ ಎಂಬ ಕಾರಣಗಳಿಂದ ಅನೇಕ ಕಂಪೆನಿಗಳು ಇದನ್ನು ಹಿಡಿದವು. ನಮ್ಮಲ್ಲಿ ಮಾರುತಿ 800, ಓಮ್ನಿ, ಡೀಸೆಲ್ ಇಂಡಿಕಾ, ಹಳೆಯ ಸ್ಯಾಂಟ್ರೋ, ಕ್ವಾಲಿಸ್ ಮತ್ತು 2.5 ಲೀಟರ್ ಡೀಸೆಲ್ ಇನ್ನೋವಾಗಳು ಬೆಲ್ಟಿನ ಎಂಜಿನ್ ಉಳ್ಳವು. ಇವುಗಳ ತಯಾರಿಕೆ ನಿಂತಿದ್ದರೂ ಹಳ್ಳಿಯ ರಸ್ತೆಗಳಲ್ಲಿ ಇಂದಿಗೂ ಓಡಾಡುತ್ತಿವೆ. 1.3 ಲೀಟರ್ ಡೀಸೆಲ್ ಸ್ವಿಫ್ಟ್ ಮುಂತಾದವುಗಳಲ್ಲಿ ಸರಪಳಿ ಇದೆ. ತಮ್ಮ ವಾಹನದಲ್ಲಿ ಇರುವುದು ಬೆಲ್ಟೋ ಸರಪಳಿಯೋ ಎಂಬುದನ್ನು ಮಾಲೀಕರು ಮೊದಲು ತಿಳಿದುಕೊಳ್ಳಬೇಕು.

ತುಂಡಾದರೆ ಆಗುವ ಹಾನಿ

ಓಡುವಾಗ ಬೆಲ್ಟು ತುಂಡಾದರೆ ಕ್ಯಾಮ್ ಶಾಫ್ಟ್ ಥಟ್ಟನೆ ನಿಲ್ಲುತ್ತದೆ. ಕೆಲವು ವಾಲ್ವುಗಳು ತೆರೆದ ಸ್ಥಿತಿಯಲ್ಲೇ ಉಳಿಯುತ್ತವೆ. ಆದರೆ ಗಾಡಿಯ ಓಟದ ರಭಸಕ್ಕೆ ಪಿಸ್ಟನ್ನುಗಳು ಇನ್ನೂ ಮೇಲಕ್ಕೆ ಬರುತ್ತಲೇ ಇರುತ್ತವೆ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಬಹಳ ಒತ್ತಬೇಕಾದುದರಿಂದ ಪಿಸ್ಟನ್ ತುದಿಗೆ ಬಂದಾಗ ಮೇಲೆ ಉಳಿಯುವ ಜಾಗ ಅತಿ ಕಡಿಮೆ. ಪಿಸ್ಟನ್ ವಾಲ್ವಿಗೆ ಬಡಿದು ವಾಲ್ವ್ ಬಾಗುತ್ತದೆ. ಕೆಲವೊಮ್ಮೆ ವಾಲ್ವ್ ಗೈಡ್ ಒಡೆಯುತ್ತದೆ, ಪಿಸ್ಟನ್ ತಲೆ ತೂತಾಗುತ್ತದೆ. ಒಂದು ಬೆಲ್ಟಿನ ಬದಲು ಹೆಡ್ಡನ್ನೇ ಬಿಚ್ಚಿ ರಿಪೇರಿ ಮಾಡಿಸಬೇಕಾಗುತ್ತದೆ. ಕೆಲವು ಪೆಟ್ರೋಲ್ ಎಂಜಿನ್ನುಗಳಲ್ಲಿ ಪಿಸ್ಟನ್ ವಾಲ್ವಿಗೆ ತಗಲದಷ್ಟು ಜಾಗ ಇರುತ್ತದೆ. ಅಲ್ಲಿ ಗಾಡಿ ನಿಲ್ಲುವುದಷ್ಟೇ ನಷ್ಟ. ತಮ್ಮದೂ ಅಂಥದೇ ಇರಬಹುದೆಂದು ನಂಬಿ ಕೂರುವುದು ಜಾಣತನವಲ್ಲ.

ಕಿಲೋಮೀಟರ್ ಮಾತ್ರ ನೋಡಬೇಡಿ

ಬಹುತೇಕ ಕಾರುಗಳ ಕೈಪಿಡಿಯಲ್ಲಿ ಬೆಲ್ಟಿನ ಆಯುಷ್ಯವನ್ನು ಎರಡು ರೀತಿಯಲ್ಲಿ ಹೇಳಿರುತ್ತದೆ: ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು. ರೈತರು ಮೊದಲನೆಯದನ್ನು ನೆನಪಿಟ್ಟು ಎರಡನೆಯದನ್ನು ಮರೆಯುತ್ತಾರೆ. ಈ ಲೇಖನದ ಮುಖ್ಯ ಮಾತು ಇದೇ ಆದುದರಿಂದ ಸ್ವಲ್ಪ ವಿವರವಾಗಿ ನೋಡೋಣ.

ಬಾಡಿಗೆ ಕಾರು ವರ್ಷಕ್ಕೆ 50,000 ಕಿ.ಮೀ. ಓಡಿದರೆ ಎರಡು ವರ್ಷದಲ್ಲಿ ಒಂದು ಲಕ್ಷ ಮುಟ್ಟುತ್ತದೆ. ಅದರ ಬೆಲ್ಟು ಓಡಿ ಸವೆಯುತ್ತದೆ. ರೈತನ ಕಾರು ವಾರಕ್ಕೆ ಎರಡು ಬಾರಿ ಸಂತೆಗೆ, ಆಗೊಮ್ಮೆ ಈಗೊಮ್ಮೆ ನೆಂಟರ ಮನೆಗೆ ಹೋಗಿಬಂದು ವರ್ಷಕ್ಕೆ 6,000 ಕಿ.ಮೀ. ಓಡುತ್ತದೆ ಎನ್ನೋಣ. ಹತ್ತು ವರ್ಷ ಕಳೆದರೂ ಮೀಟರಿನಲ್ಲಿ ಇರುವುದು 60,000 ಮಾತ್ರ. ಕೈಪಿಡಿ ಹೇಳಿದ ಒಂದು ಲಕ್ಷಕ್ಕೆ ಇನ್ನೂ 40,000 ಬಾಕಿ ಎಂದು ಮಾಲೀಕರು ನಿಶ್ಚಿಂತೆಯಿಂದಿರುತ್ತಾರೆ. ಅದೇ ಸಾಲಿನಲ್ಲಿ ಐದು ವರ್ಷ ಎಂದು ಬರೆದಿದ್ದರೆ ಬೆಲ್ಟಿನ ಅವಧಿ ಮುಗಿದು ಐದು ವರ್ಷವಾಗಿದೆ ಎಂದೇ ಅರ್ಥ. ರಬ್ಬರು ಓಡದೆ ನಿಂತಲ್ಲಿಯೂ ಮುದಿಯಾಗುತ್ತದೆ. ಎಂಜಿನ್ನಿನ ಕಾವು ಮತ್ತು ಗಾಳಿ ಸೇರಿ ಅದನ್ನು ಗಡುಸುಗೊಳಿಸುತ್ತವೆ, ಹಲ್ಲಿನ ಬುಡದಲ್ಲಿ ಸೂಕ್ಷ್ಮ ಬಿರುಕು ಬಿಡುತ್ತದೆ.

ಆದರೂ ಓಟದ ಸವೆತ ಚಿಕ್ಕದೆಂದು ಭಾವಿಸಬಾರದು. ಗಂಟೆಗೆ ಸರಾಸರಿ 40 ಕಿ.ಮೀ. ವೇಗದಲ್ಲಿ 60,000 ಕಿ.ಮೀ. ಎಂದರೆ 1,500 ಗಂಟೆಗಳ ದುಡಿಮೆ. ನಿಮಿಷಕ್ಕೆ 2,000 ಸುತ್ತಿನಂತೆ ಲೆಕ್ಕ ಹಾಕಿದರೆ ಕ್ರ್ಯಾಂಕ್ ಶಾಫ್ಟ್ ಅಷ್ಟರಲ್ಲಿ 18 ಕೋಟಿ ಸುತ್ತು ತಿರುಗಿರುತ್ತದೆ. ಸಾಮಾನು ತುಂಬುವಾಗ ಎಂಜಿನ್ ಆರಿಸದೆ ನಿಲ್ಲಿಸಿದ ಹೊತ್ತು ಮೀಟರಿನಲ್ಲಿ ಬರುವುದೇ ಇಲ್ಲ.

ಅವಧಿ ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆಯಾಗುವುದರಿಂದ ಕೈಪಿಡಿಯನ್ನೇ ಅನುಸರಿಸತಕ್ಕದ್ದು. ಮಣ್ಣುರಸ್ತೆಯಲ್ಲಿ, ಧೂಳಿನಲ್ಲಿ ಓಡುವ ಗಾಡಿಗೆ ಹೇಳಿದ ಅವಧಿಗಿಂತ ಮುಂಚೆಯೇ ಬದಲಾಯಿಸುವುದು ಮೇಲು.

ಗುರುತಿಸುವುದು ಹೇಗೆ?

ಫ್ಯಾನ್ ಬೆಲ್ಟು ಸಡಿಲವಾದರೆ ಕಿರ್ರೆಂದು ಕೂಗಿ ಹೇಳುತ್ತದೆ. ಹಿಟ್ಟಿನ ಗಿರಣಿಯ ಪಟ್ಟಿ ಸವೆದರೆ ಕಣ್ಣಿಗೆ ಕಾಣುತ್ತದೆ. ಟೈಮಿಂಗ್ ಬೆಲ್ಟು ಮುಚ್ಚಳದೊಳಗೆ ಅಡಗಿರುತ್ತದೆ, ಹಲ್ಲಿರುವುದರಿಂದ ಜಾರಿ ಕೂಗುವುದಿಲ್ಲ. ಎಷ್ಟೋ ಬಾರಿ ಹಿಂದಿನ ದಿನದವರೆಗೆ ಸರಾಗವಾಗಿ ಓಡಿದ ಗಾಡಿಯಲ್ಲೇ ಇದು ತುಂಡಾಗುತ್ತದೆ.

ಆದಾಗ್ಯೂ ಕೆಲವು ಸೂಚನೆಗಳುಂಟು. ಮುಚ್ಚಳದ ಕಡೆಯಿಂದ ಗುಂಯ್ ಎಂಬ ಸದ್ದು ಬರುತ್ತಿದ್ದರೆ ಬೆಲ್ಟನ್ನು ಬಿಗಿಹಿಡಿಯುವ ಟೆನ್ಷನರಿನ ಬೇರಿಂಗ್ ಕೆಟ್ಟಿರಬಹುದು. ಅದು ಸಿಕ್ಕಿಹಾಕಿಕೊಂಡರೆ ಹೊಸ ಬೆಲ್ಟೂ ಉಳಿಯದು. ಮುಚ್ಚಳದ ಕೆಳಗೆ ಆಯಿಲ್ ಇಲ್ಲವೆ ರೇಡಿಯೇಟರ್ ನೀರು ಒಸರುತ್ತಿದ್ದರೆ ತಡಮಾಡಬಾರದು. ಆಯಿಲ್ ತಗಲಿದ ರಬ್ಬರು ಉಬ್ಬಿ ಮೆತ್ತಗಾಗಿ ಹಲ್ಲು ಕಳಚುತ್ತದೆ. ಸ್ಟಾರ್ಟ್ ಆಗಲು ಕಷ್ಟ, ಎಳೆತ ಕಡಿಮೆ, ನಿಂತಲ್ಲಿ ನಡುಕ ಇವು ಒಮ್ಮೆಲೇ ಕಾಣಿಸಿಕೊಂಡರೆ ಬೆಲ್ಟು ಒಂದೆರಡು ಹಲ್ಲು ಹಾರಿರುವ ಸಂಭವವುಂಟು. ಬೇರೆ ಕಾರಣಗಳಿಂದಲೂ ಹೀಗಾಗುತ್ತದೆ, ಆದರೆ ಇದನ್ನು ನೋಡದೆ ಬಿಡಬಾರದು.

ಮುಚ್ಚಳದ ಮೇಲ್ಭಾಗ ಬಿಚ್ಚಿ ನೋಡಿದಾಗ ಬೆನ್ನು ಗಾಜಿನಂತೆ ಹೊಳೆಯುತ್ತಿದ್ದರೆ, ಅಂಚಿನಲ್ಲಿ ನೂಲು ಎದ್ದಿದ್ದರೆ, ಹಲ್ಲಿನ ಬುಡ ಬಿರಿದಿದ್ದರೆ ಆ ಬೆಲ್ಟಿನಲ್ಲಿ ಇನ್ನು ಒಂದು ಸಂತೆಗೂ ಹೋಗಬಾರದು. ಆದರೆ ನೋಡಲು ಚೆನ್ನಾಗಿದೆ ಎಂಬುದು ಬಿಡಲು ಕಾರಣವಾಗದು. ಒಳಗಿನ ಗಾಜಿನ ನೂಲಿನ ದಣಿವು ಹೊರಗೆ ಕಾಣಿಸುವುದಿಲ್ಲ. ಗಾಡಿಯನ್ನು ಹುಲ್ಲಿನ ಬಣವೆಯ ಪಕ್ಕ ತಿಂಗಳುಗಟ್ಟಲೆ ನಿಲ್ಲಿಸಿದ್ದಲ್ಲಿ ಇಲಿ ಮುಚ್ಚಳದೊಳಗೆ ಸೇರಿಲ್ಲವೆಂಬುದನ್ನೂ ನೋಡಿಕೊಳ್ಳಬೇಕು.

ಬದಲಾಯಿಸುವಾಗ

ಹೆಚ್ಚಿನ ಖರ್ಚು ಇರುವುದು ಬಿಚ್ಚಿ ಜೋಡಿಸುವ ಕೂಲಿಯಲ್ಲಿ. ಆದುದರಿಂದ ಬೆಲ್ಟಿನ ಜೊತೆಗೆ ಟೆನ್ಷನರ್, ಐಡ್ಲರ್ ಮತ್ತು ಒಸರುವ ಆಯಿಲ್ ಸೀಲುಗಳನ್ನು ಹಾಕಿಸುವುದು ಲಾಭಕರ. ನೀರಿನ ಪಂಪು ಇದೇ ಬೆಲ್ಟಿನಿಂದ ನಡೆಯುವುದಾದರೆ ಅದನ್ನೂ ಸೇರಿಸಬೇಕು. ಟೆನ್ಷನರಿನ ಹಣ ಉಳಿಸಲು ಹೋಗಿ ಆರು ತಿಂಗಳಿಗೆ ಮತ್ತೆ ಎಲ್ಲವನ್ನೂ ಬಿಚ್ಚಿಸಿದರೆ ಉಳಿದುದೇನು?

ಇದು ಮನೆಯಂಗಳದಲ್ಲಿ ಮಾಡುವ ಕೆಲಸವಲ್ಲ. ಆ ಎಂಜಿನ್ನನ್ನು ಬಲ್ಲ ಮೆಕ್ಯಾನಿಕ್ಕಿನಿಂದಲೇ ಮಾಡಿಸಿ, ಆದರೆ ಪಕ್ಕದಲ್ಲಿ ನಿಂತು ನೋಡಿ. ಹೊಸ ಬೆಲ್ಟನ್ನು ಮಡಚಿ ಸುತ್ತಬಾರದು, ತಿರುಚಬಾರದು; ಒಳಗಿನ ನೂಲು ಮುರಿಯುತ್ತದೆ. ಸ್ಕ್ರೂಡ್ರೈವರಿನಿಂದ ಮೀಟಿ ಕೂರಿಸಬಾರದು. ಬೆಲ್ಟ್ ಕಳಚಿರುವಾಗ ಕ್ರ್ಯಾಂಕನ್ನಾಗಲಿ ಕ್ಯಾಮನ್ನಾಗಲಿ ಮನಬಂದಂತೆ ತಿರುಗಿಸಿದರೆ ಆಗಲೇ ವಾಲ್ವು ಬಾಗಬಹುದು. ಗುರುತುಗಳನ್ನು ಕೂಡಿಸಿ ಬಿಗಿಮಾಡಿದ ಬಳಿಕ ಕೀಲಿ ತಿರುಗಿಸುವ ಮೊದಲು, ಸ್ಪ್ಯಾನರಿನಿಂದ ಕೈಯಲ್ಲೇ ಎಂಜಿನ್ನನ್ನು ಅದು ಓಡುವ ದಿಕ್ಕಿನಲ್ಲಿ ಎರಡು ಸುತ್ತು ತಿರುಗಿಸಿ ಗುರುತುಗಳು ಮತ್ತೆ ಕೂಡಿವೆಯೇ ಎಂದು ನೋಡಿಸಬೇಕು. ಈ ಎರಡು ಸುತ್ತನ್ನು ಅವಸರದಲ್ಲಿ ಬಿಡುವವರುಂಟು, ಆದುದರಿಂದ ಕೇಳಿಯೇ ಮಾಡಿಸಿ. ಕಡೆಗೆ ದಿನಾಂಕ ಮತ್ತು ಮೀಟರಿನ ಅಂಕಿಯನ್ನು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಗೆ ಅಂಟಿಸಿಡಿ.

ದಾರಿಯಲ್ಲಿ ನಿಂತರೆ

ಓಡುತ್ತಿರುವ ಎಂಜಿನ್ ಕೆಮ್ಮದೆ ಒಮ್ಮೆಲೇ ಸತ್ತರೆ ಬೆಲ್ಟಿನ ಮೇಲೆ ಅನುಮಾನವಿಡಿ. ಪವರ್ ಸ್ಟಿಯರಿಂಗ್ ಇದ್ದ ಗಾಡಿಯ ಸ್ಟಿಯರಿಂಗ್ ಭಾರವಾಗುತ್ತದೆ. ಬ್ರೇಕನ್ನು ಪದೇ ಪದೇ ತುಳಿದರೆ ಅದೂ ಗಟ್ಟಿಯಾಗುತ್ತದೆ. ಆದುದರಿಂದ ಒಂದೇ ಸಮನೆ ಒತ್ತಿ ಹಿಡಿದು ಎಡಕ್ಕೆ ತಂದು ನಿಲ್ಲಿಸಬೇಕು. ಕೀಲಿಯನ್ನು ಒಮ್ಮೆ ತಿರುಗಿಸಿದಾಗ ಸ್ಟಾರ್ಟರ್ ಎಂದಿಗಿಂತ ಹಗುರವಾಗಿ, ಸರ್ರನೆ ತಿರುಗಿ ಎಂಜಿನ್ ಹಿಡಿಯದಿದ್ದರೆ ಅನುಮಾನ ಬಲವಾಗುತ್ತದೆ. ಮತ್ತೆ ಮತ್ತೆ ಸೆಲ್ಫ್ ಹೊಡೆಯುವುದು, ಹತ್ತು ಜನ ಸೇರಿ ತಳ್ಳಿ ಗಿಯರಿಗೆ ಹಾಕುವುದು, ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಸ್ಟಾರ್ಟ್ ಮಾಡುವುದು ಇವು ಯಾವುದೂ ಬೇಡ. ಮೊದಲ ಬಡಿತಕ್ಕೆ ಉಳಿದುಕೊಂಡ ವಾಲ್ವುಗಳು ಇಂಥ ಪ್ರಯತ್ನದಲ್ಲೇ ಬಾಗುತ್ತವೆ. ಗಿಯರನ್ನು ನ್ಯೂಟ್ರಲಿನಲ್ಲಿಟ್ಟು ಎಳೆಸಿಕೊಂಡು ಹೋಗಿ.

ಹಳೆಯ ಕಾರು ಕೊಳ್ಳುವವರಿಗೆ

ಬೆಲ್ಟ್ ಬದಲಾಯಿಸಿದ ರಸೀತಿ ತೋರಿಸಲಾಗದಿದ್ದರೆ ಬದಲಾಯಿಸಿಲ್ಲವೆಂದೇ ತಿಳಿದು, ಅದರ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ. ಮೀಟರಿನ ಅಂಕಿಯನ್ನು ತಿದ್ದುವವರಿರುವುದರಿಂದ ನೋಂದಣಿ ಪುಸ್ತಕದ ತಯಾರಿಕೆಯ ವರ್ಷವನ್ನು ಲೆಕ್ಕಕ್ಕೆ ಹಿಡಿಯುವುದು ಹೆಚ್ಚು ನಂಬಿಕೆಯ ದಾರಿ. ಫೋರ್ಡ್ ಇಕೋಸ್ಪೋರ್ಟಿನ 1.0 ಲೀಟರ್ ಇಕೋಬೂಸ್ಟ್ ಪೆಟ್ರೋಲ್ ಎಂಜಿನ್ನಿನಂಥವುಗಳಲ್ಲಿ ಬೆಲ್ಟು ಆಯಿಲ್ಲಿನೊಳಗೇ ಓಡುತ್ತದೆ; ಅದಕ್ಕೆಂದೇ ಮಾಡಿದ ರಬ್ಬರು ಅದು. ಅಲ್ಲಿ ಕೈಪಿಡಿ ಹೇಳಿದ ದರ್ಜೆಯ ಆಯಿಲ್ ಬಿಟ್ಟು ಬೇರೆ ಹಾಕಿದರೆ ಬೆಲ್ಟಿನ ಪುಡಿ ಉದುರಿ ಆಯಿಲ್ ಜರಡಿ ಕಟ್ಟಿಕೊಳ್ಳುತ್ತದೆ. ಅಂಥ ಕಾರು ಕೊಳ್ಳುವವರು ಬೆಲ್ಟಿನ ರಸೀತಿಯ ಜೊತೆಗೆ ಆಯಿಲ್ ಬದಲಾಯಿಸಿದ ರಸೀತಿಗಳನ್ನೂ ಕೇಳಿ ಪಡೆಯಬೇಕು.