ಮಂಡಿಗೆ ಶಸ್ತ್ರಕ್ರಿಯೆ: ಕಣ್ಣಿನ ಕಡೆಗೂ ಗಮನವಿರಲಿ

ಮಂಡಿ ಅಥವಾ ಸೊಂಟದ ಕೀಲು ಸವೆದು ನಡೆಯಲಾಗದವರಿಗೆ ಕೃತಕ ಕೀಲು ಜೋಡಣೆ ಒಂದು ವರದಾನವೇ ಸರಿ. ಆದರೆ ಈ ಶಸ್ತ್ರಕ್ರಿಯೆಯ ನಂತರ ಅಪರೂಪಕ್ಕೆ ಕೆಲವರ ದೃಷ್ಟಿ ಹೋಗುವುದುಂಟು ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಮಂಡಿಗೂ ಕಣ್ಣಿಗೂ ಎಲ್ಲಿಯ ಸಂಬಂಧ?

ಸಂಬಂಧ ರಕ್ತದ ಮೂಲಕ. ಕಣ್ಣು ಕಂಡದ್ದನ್ನು ಮೆದುಳಿಗೆ ಒಯ್ಯುವ ದೃಷ್ಟಿನರಕ್ಕೆ ರಕ್ತ ಒದಗಿಸುವ ನಾಳಗಳು ಬಹಳ ಸಣ್ಣವು. ದೊಡ್ಡ ಕೀಲಿನ ಶಸ್ತ್ರಕ್ರಿಯೆಯಲ್ಲಿ ರಕ್ತ ನಷ್ಟವಾಗುತ್ತದೆ. ಅರಿವಳಿಕೆಯಿಂದ ರಕ್ತದೊತ್ತಡವೂ ಇಳಿಯಬಹುದು. ಇವೆರಡೂ ಮಿತಿ ಮೀರಿದರೆ ಆಮ್ಲಜನಕ ಸಾಲದೆ ದೃಷ್ಟಿನರ ಘಾಸಿಗೊಳ್ಳಬಹುದು. ಕೆಲವೊಮ್ಮೆ ಹೆಪ್ಪುಗಟ್ಟಿದ ರಕ್ತದ ಚೂರು ಅಥವಾ ಮೂಳೆಯ ಮಜ್ಜೆಯಿಂದ ಹೊರಟ ಕೊಬ್ಬಿನ ಕಣ ಅಕ್ಷಿಪಟಲದ ರಕ್ತನಾಳವನ್ನು ಮುಚ್ಚಿಬಿಡುತ್ತದೆ.

ಹೀಗೆಂದು ಶಸ್ತ್ರಕ್ರಿಯೆಗೆ ಹೆದರಬೇಕಾಗಿಲ್ಲ. ಅಮೆರಿಕದ ಆಸ್ಪತ್ರೆಗಳ 1996ರಿಂದ 2005ರವರೆಗಿನ ದಾಖಲೆಗಳ ಪ್ರಕಾರ, ಮಂಡಿ ಅಥವಾ ಸೊಂಟದ ಕೀಲು ಬದಲಿಸಿಕೊಂಡ 10,000 ರೋಗಿಗಳಲ್ಲಿ ಸುಮಾರು ಒಬ್ಬಿಬ್ಬರಿಗೆ ಮಾತ್ರ ಹೀಗಾಗಿದೆ.

ಮೊದಲೇ ಏನು ಮಾಡಬೇಕು?

ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ, ರಕ್ತಹೀನತೆ ಅಥವಾ ಗ್ಲಾಕೋಮಾ ಇದ್ದರೆ, ಬೀಡಿ ಸಿಗರೇಟು ಸೇದುವ ಅಭ್ಯಾಸವಿದ್ದರೆ ಮುಚ್ಚಿಡದೆ ವೈದ್ಯರಿಗೆ ತಿಳಿಸಿ. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಶಸ್ತ್ರಕ್ರಿಯೆಗೆ ಮೊದಲೇ ಸರಿಪಡಿಸಿಕೊಳ್ಳಿ. ರಕ್ತದೊತ್ತಡದ ಮಾತ್ರೆಯನ್ನು ಆ ದಿನ ಬೆಳಿಗ್ಗೆ ನುಂಗಬೇಕೇ, ಬೇಡವೇ ಎಂದು ಅರಿವಳಿಕೆ ತಜ್ಞರನ್ನೇ ಕೇಳಿ. ನೀವಾಗಿಯೇ ನಿಲ್ಲಿಸಬೇಡಿ.

ನಂತರ ಏನು ಗಮನಿಸಬೇಕು?

ಈ ತೊಂದರೆಯಲ್ಲಿ ಸಾಮಾನ್ಯವಾಗಿ ನೋವಿರುವುದಿಲ್ಲ. ಆದ್ದರಿಂದಲೇ ರೋಗಿಗಳು ಮೋಸಹೋಗುತ್ತಾರೆ. 'ಅರಿವಳಿಕೆಯ ಮಂಪರು ಇನ್ನೂ ಇಳಿದಿಲ್ಲ, ನಾಳೆ ಸರಿಹೋದೀತು' ಎಂದು ಸುಮ್ಮನಾಗುತ್ತಾರೆ. ಆದರೆ ರಕ್ತವಿಲ್ಲದೆ ಅಕ್ಷಿಪಟಲ ಉಳಿಯುವುದು ಕೆಲವೇ ಗಂಟೆಗಳು. ಒಮ್ಮೆ ಸತ್ತ ದೃಷ್ಟಿನರವನ್ನು ಮತ್ತೆ ಚಿಗುರಿಸುವ ಔಷಧಿ ಇಲ್ಲ.

ಪೂರ್ಣ ಎಚ್ಚರವಾದ ಕೂಡಲೇ ಕನ್ನಡಕ ಹಾಕಿಕೊಂಡು, ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಗಡಿಯಾರ ನೋಡಿ. ಮೊದಲ ಎರಡು ಮೂರು ದಿನ ಹೀಗೆ ಪರೀಕ್ಷಿಸಿಕೊಳ್ಳಿ. ಮಸುಕು, ಕಪ್ಪು ತೆರೆ ಬಿದ್ದಂತೆ ಕಾಣುವುದು, ದೃಶ್ಯದ ಅರ್ಧಭಾಗವೇ ಕಾಣದಿರುವುದು - ಇವುಗಳಲ್ಲಿ ಯಾವುದಿದ್ದರೂ ಅದು ರಾತ್ರಿಯಾಗಿದ್ದರೂ ಸರಿ, ತಕ್ಷಣ ದಾದಿಯನ್ನು ಕರೆಯಿರಿ, ನೇತ್ರತಜ್ಞರನ್ನು ಕರೆಸಲು ಹೇಳಿ. ಅಷ್ಟರಲ್ಲಿ ರಕ್ತದೊತ್ತಡವನ್ನೂ ಹಿಮೋಗ್ಲೋಬಿನ್ನನ್ನೂ ವೈದ್ಯರು ಸರಿಪಡಿಸಬಲ್ಲರು.

ರೋಗಿಯ ಪಕ್ಕದಲ್ಲಿ ಕೂರುವ ಮನೆಯವರೂ 'ಕಾಲು ನೋವು ಹೇಗಿದೆ?' ಎಂದು ಕೇಳುವಾಗ, 'ಕಣ್ಣು ಸರಿಯಾಗಿ ಕಾಣುತ್ತಿದೆಯೇ?' ಎಂದೂ ಕೇಳಲಿ.